ಒಲ್ಲೆ ಎನ್ನುತ್ತಲೇ ನಲವತ್ತು ವರ್ಷ ಹಾಡಿದವರು

1956ರ ಜನವರಿ. ಕೈರೋದ ಹಳೆಯ ಒಪೆರಾ ಹೌಸ್. ಆಲ್ಫ್ರೆಡೊ ಕ್ರೌಸ್ ಎಂಬ 28 ವರ್ಷದ ಸ್ಪ್ಯಾನಿಷ್ ಗಾಯಕರು ಒಪೆರಾ (ಕಥೆಯನ್ನು ಹಾಡಿಯೇ ಆಡುವ ಯುರೋಪಿನ ಸಂಗೀತನಾಟಕ) ರಂಗಕ್ಕೆ ಕಾಲಿಟ್ಟದ್ದು ಇಲ್ಲಿ. ಆ ಸಲ ಎರಡು ಪಾತ್ರ ಹಾಡಿದರು. ಒಂದು, ವರ್ಡಿ ರಚಿಸಿದ 'ರಿಗೊಲೆಟ್ಟೊ'ದಲ್ಲಿ ಡ್ಯೂಕ್. ಇನ್ನೊಂದು, ಪುಚ್ಚೀನಿ ರಚಿಸಿದ 'ಟೋಸ್ಕಾ'ದಲ್ಲಿ ಚಿತ್ರಕಾರ ಕವರದೋಸ್ಸಿ. (1869ರಲ್ಲಿ ಈ ಒಪೆರಾ ಹೌಸ್ ಬಾಗಿಲು ತೆರೆದಾಗ ಮೊದಲು ಆಡಿದ್ದೂ 'ರಿಗೊಲೆಟ್ಟೊ'ವನ್ನೇ. ಬಹುಪಾಲು ಮರದಲ್ಲಿ ಕಟ್ಟಿದ್ದ ಅದು 1971ರಲ್ಲಿ ಸುಟ್ಟುಹೋಯಿತು.)

ಡ್ಯೂಕ್ ಪಾತ್ರವನ್ನು ಕ್ರೌಸ್ ದಶಕಗಟ್ಟಲೆ ಹಾಡಿದರು. ಕವರದೋಸ್ಸಿಯನ್ನು ಬೇಗನೇ ಕೈಬಿಟ್ಟರು. 'ಟೋಸ್ಕಾ'ದಲ್ಲಿ ಆ ಪಾತ್ರದ ಹಾಡುಗಳೆಂದರೆ ಜನ ಪ್ರಾಣ ಬಿಡುತ್ತಾರೆ. ಚಪ್ಪಾಳೆ ಗ್ಯಾರಂಟಿ. ಆದರೂ ಬಿಟ್ಟರು. ಇವರ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದೇ ಇಲ್ಲಿಂದ. ದೊಡ್ಡ ಗಾಯಕರ ಬಗ್ಗೆ ಬರೆಯುವವರು ಅವರು ಏನೇನು ಹಾಡಿದರು ಅಂತ ಉದ್ದದ ಪಟ್ಟಿ ಕೊಡುತ್ತಾರೆ. ಕ್ರೌಸ್ ವಿಷಯದಲ್ಲಿ ಹಾಡದೆ ಬಿಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಆ ಮನುಷ್ಯ ಅರ್ಥವಾಗುವುದಿಲ್ಲ.

ಕ್ರೌಸ್ ಹುಟ್ಟಿದ್ದು 1927ರಲ್ಲಿ, ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಊರಿನಲ್ಲಿ. ತಂದೆ ವಿಯೆನ್ನಾ ಮೂಲದವರು, ಹಾಗಾಗಿ ಆ ಜರ್ಮನ್ ಹೆಸರು. ಓದಿದ್ದು ಇಂಜಿನಿಯರಿಂಗ್. ಜೊತೆಜೊತೆಗೇ ಬಾರ್ಸಿಲೋನಾ, ವೆಲೆನ್ಸಿಯಾಗಳಲ್ಲಿ ಹಾಡು ಕಲಿತರು. ಕೊನೆಗೆ ಮಿಲಾನ್‌ನಲ್ಲಿ ಮೆರ್ಸೆಡೆಸ್ ಲೊಪಾರ್ಟ್ ಎಂಬ ಸ್ಪ್ಯಾನಿಷ್ ಗಾಯಕಿಯ ಬಳಿ ಪಾಠ. ಮುಂದೆ ದೊಡ್ಡ ಹೆಸರಾದ ಸೊಪ್ರಾನೊ (ಎತ್ತರದ ಹೆಣ್ಣುದನಿಯ ಗಾಯಕಿ) ರೆನಾಟಾ ಸ್ಕಾಟ್ಟೊ ಚಿಕ್ಕ ವಯಸ್ಸಿನಲ್ಲೇ ದನಿಯ ತೊಂದರೆಗೆ ಸಿಕ್ಕಿದ್ದರು. ಲೊಪಾರ್ಟ್ ಹತ್ತಿರ ಹೋಗಿ ಅಂತ ಆಕೆಗೆ ದಾರಿ ತೋರಿಸಿದವರು ಕ್ರೌಸ್. ಆಗಲೇ ಇವರಿಗೆ ದನಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎನ್ನುವುದರ ಮೇಲೆ ಕಣ್ಣಿತ್ತು. ಇಂಜಿನಿಯರ್ ಬುದ್ಧಿ ಎಲ್ಲಿಗೆ ಹೋದೀತು?

ಒಪೆರಾ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಟೆನರ್ ಎಂದರೆ ಸಹಜವಾದ ಗಂಡುದನಿಗಳಲ್ಲಿ ಎತ್ತರದ್ದು. ಕಥೆಯಲ್ಲಿ ಪ್ರೇಮಿ ಸಾಮಾನ್ಯವಾಗಿ ಇವನೇ. ಮೈಕ್ ಇಲ್ಲ. ಎದುರಿಗೆ ಗುಂಡಿಯಲ್ಲಿ ಅರವತ್ತು ಎಪ್ಪತ್ತು ವಾದ್ಯಗಳು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಸುಮಾರು 3,800 ಸೀಟುಗಳಿವೆ. ಕೊನೆಯ ಸಾಲಿನಲ್ಲಿ ಕೂತವನಿಗೂ ಮಾತು ಮಾತು ಕೇಳಬೇಕು.

ಇದು ಬರೀ ಜೋರಾಗಿ ಹಾಡಿದರೆ ಆಗುವ ಕೆಲಸ ಅಲ್ಲ. ವಾದ್ಯವೃಂದದ ಶಕ್ತಿ ಹೆಚ್ಚಾಗಿ ಇರುವುದು 500 ಹರ್ಟ್ಜ್ ಆಸುಪಾಸಿನಲ್ಲಿ. ಅದರಿಂದ ಮೇಲಕ್ಕೆ ಹೋದಂತೆ ಅದು ಕಡಿಮೆಯಾಗುತ್ತದೆ. ಪಳಗಿದ ಗಾಯಕ ಗಂಟಲಿನ ಒಳಗಿನ ಆಕಾರವನ್ನು ಹೊಂದಿಸಿಕೊಂಡು 3,000 ಹರ್ಟ್ಜ್ ಹತ್ತಿರ ತನ್ನ ದನಿಗೆ ಒಂದು ಹೊಳಪು ತಂದುಕೊಳ್ಳುತ್ತಾನೆ. ಅಲ್ಲಿ ವಾದ್ಯಗಳ ಗದ್ದಲ ಕಡಿಮೆ. ನಮ್ಮ ಕಿವಿಯೂ ಅಲ್ಲೇ ಬಹಳ ಚುರುಕು. ಹಾಗಾಗಿ ಒಂದೇ ಗಂಟಲು ಎಪ್ಪತ್ತು ವಾದ್ಯಗಳನ್ನು ದಾಟಿ ಬರುತ್ತದೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಎಂಬ ವಿಜ್ಞಾನಿ ಇದನ್ನು ಅಳತೆ ಮಾಡಿ ತೋರಿಸಿದ್ದಾರೆ. ಈ ಹೊಳಪನ್ನು ಬಿಟ್ಟು ಬರೀ ಬಲದಿಂದ ದಾಟಲು ಹೋದವನು ಎರಡು ಮೂರು ವರ್ಷ ಚೆನ್ನಾಗಿಯೇ ಹಾಡಬಹುದು. ಆಮೇಲೆ ಕಷ್ಟ.

ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇನ್ನೊಂದು ವಿಷಯ ವಿಚಿತ್ರ ಅನ್ನಿಸುತ್ತದೆ. ನಮ್ಮಲ್ಲಿ ಗಾಯಕರಿಗೆ ವಯಸ್ಸಾದಂತೆ ಶ್ರುತಿ ಇಳಿಸಿಕೊಳ್ಳುತ್ತಾರೆ. ತಂಬೂರಿಯನ್ನು ತಮಗೆ ಬೇಕಾದಂತೆ ಕೂಡಿಸಿಕೊಂಡರೆ ಮುಗಿಯಿತು. ಯಾರೂ ತಪ್ಪು ತಿಳಿಯುವುದಿಲ್ಲ. ಒಪೆರಾದಲ್ಲಿ ಎತ್ತರ ಎಷ್ಟು ಅಂತ ಬರೆದವರೇ ಗೊತ್ತುಮಾಡಿ ಹೋಗಿರುತ್ತಾರೆ. 25ನೇ ವಯಸ್ಸಿನಲ್ಲಿ ಹಾಡಿದ ಎತ್ತರದಲ್ಲೇ 60ರಲ್ಲೂ ಹಾಡಬೇಕು. ಕೆಲವು ಹಾಡುಗಳನ್ನು ಅರ್ಧ ಸ್ವರ ಇಳಿಸಿ ಹಾಡುವುದುಂಟು, ದೊಡ್ಡವರೂ ಮಾಡಿದ್ದಾರೆ. ಆದರೆ ಪಳಗಿದ ಕಿವಿಗಳು ಅದನ್ನು ಹಿಡಿದೇಬಿಡುತ್ತವೆ, ಆಮೇಲೆ ಅದೇ ಚರ್ಚೆ.

ಈ ಎತ್ತರದ ಹುಚ್ಚಿಗೆ ಒಂದು ಇತಿಹಾಸವಿದೆ, ಸ್ವಲ್ಪ ಕ್ರೂರವಾದ ಇತಿಹಾಸ. 1800ರ ಮೊದಲ ದಶಕಗಳಲ್ಲಿ ಟೆನರ್‌ಗಳು ಮೇಲಿನ ಸ್ವರಗಳನ್ನು ಹಗುರವಾಗಿ, ತೇಲಿಸಿ ಹಾಡುತ್ತಿದ್ದರು. ಪ್ಯಾರಿಸ್ ಒಪೆರಾದ ಮುಖ್ಯ ಟೆನರ್ ಅಡಾಲ್ಫ್ ನೂರಿ ಆ ಶೈಲಿಯ ರಾಜ. 1837ರಲ್ಲಿ ಇಟಲಿಯಿಂದ ಹಿಂತಿರುಗಿದ ಜಿಲ್ಬೆರ್ ಡುಪ್ರೆ ಅದೇ ರಂಗದ ಮೇಲೆ ರೊಸ್ಸೀನಿಯ 'ಗಿಯೋಮ್ ಟೆಲ್' ಹಾಡಿದ. ಟೆನರ್ ಹಾಡುವ ತುತ್ತತುದಿಯ ಸ್ವರಗಳಲ್ಲೊಂದಾದ ಹೈ ಸಿ ಯನ್ನು ತೇಲಿಸದೆ ಎದೆತುಂಬಿ ಹೊರಗೆಸೆದ. ಪ್ಯಾರಿಸ್ ಹುಚ್ಚೆದ್ದಿತು. ರೊಸ್ಸೀನಿಗೆ ಮಾತ್ರ ಅದು ಕತ್ತು ಕೊಯ್ಯಿಸಿಕೊಳ್ಳುವ ಹುಂಜದ ಕೂಗಿನಂತೆ ಕೇಳಿಸಿತಂತೆ. ಆದರೆ ಬರೆದವನ ಮಾತು ಯಾರಿಗೆ ಬೇಕಿತ್ತು? ಡುಪ್ರೆ ಬರುತ್ತಾನೆಂದು ಗೊತ್ತಾದಾಗಲೇ ನೂರಿ ಕೆಲಸ ಬಿಟ್ಟಿದ್ದ. ಹೊಸ ರೀತಿ ಕಲಿಯಲು ಇಟಲಿಗೆ ಹೋಗಿ ಒಪೆರಾ ರಚಿಸುವ ಡೊನಿಜೆಟ್ಟಿಯ ಸಹಾಯ ಕೇಳಿದ. ಕಲಿಯುವ ಭರದಲ್ಲಿ ತನ್ನ ಹಳೆಯ ತೇಲುದನಿಯನ್ನೂ ಕಳೆದುಕೊಂಡ. 1839ರ ಮಾರ್ಚ್‌ನಲ್ಲಿ ನೇಪಲ್ಸ್‌ನಲ್ಲಿ ಮೇಲಿಂದ ಹಾರಿ ಪ್ರಾಣ ಕಳೆದುಕೊಂಡ. ಅವನಿಗೆ 37 ವರ್ಷ. ಶವವನ್ನು ಫ್ರಾನ್ಸಿಗೆ ತರುವಾಗ ಮಾರ್ಸೇ ನಗರದ ಚರ್ಚಿನಲ್ಲಿ ನಡೆದ ಪ್ರಾರ್ಥನೆಯಲ್ಲಿ ಆರ್ಗನ್ ನುಡಿಸಿದವನು ಶೋಪನ್.

ಗೆದ್ದವನ ಕಥೆಯೂ ಅಂಥ ಸುಖದ್ದಲ್ಲ. ಡುಪ್ರೆಯ ದನಿಯೂ ಕೆಲವೇ ವರ್ಷಗಳಲ್ಲಿ ಸವೆಯತೊಡಗಿತು. ಮುಂದೆ ಪಾಠ ಹೇಳುತ್ತಾ ಬಹಳ ಕಾಲ ಬದುಕಿದ. ಆದರೆ ಹೈ ಸಿ ಎದೆಯಿಂದಲೇ ಬರಬೇಕು ಎನ್ನುವ ಕಟ್ಟಳೆ ಟೆನರ್‌ಗಳ ತಲೆಯ ಮೇಲೆ ಕೂತಿತು. ಇವತ್ತಿಗೂ ಇಳಿದಿಲ್ಲ. ಹೈ ಸಿ ಎಂದರೆ ಗಂಟಲಿನ ತಂತುಗಳು ಸೆಕೆಂಡಿಗೆ ಸುಮಾರು 523 ಸಲ ಒಂದಕ್ಕೊಂದು ತಾಕಬೇಕು. ಅದೂ ಪೂರ್ತಿ ದನಿಯಲ್ಲಿ, ಸಾವಿರಾರು ಜನರ ಎದುರು.

ಈಗ ಕ್ರೌಸ್ ಹತ್ತಿರ ಬರೋಣ. ಅವರದು ಹಗುರವಾದ, ಸ್ಪಷ್ಟವಾದ ದನಿ. ಮೇಲಿನ ಸ್ವರಗಳು ನೀರು ಕುಡಿದಷ್ಟು ಸಲೀಸು. ಮಧ್ಯದಲ್ಲಿ ಭಾರ ಕಡಿಮೆ. ಪುಚ್ಚೀನಿಯ ಪಾತ್ರಗಳಿಗೆ ಬೇಕಾದದ್ದು ಈ ಮಧ್ಯದ ಭಾರವೇ. ಅಲ್ಲಿ ವಾದ್ಯವೃಂದ ದಟ್ಟ. ಎಷ್ಟೋ ಕಡೆ ಗಾಯಕನ ರಾಗವನ್ನೇ ಪಿಟೀಲುಗಳೂ ನುಡಿಸುತ್ತಿರುತ್ತವೆ. ಕೇಳುವವರಿಗೆ ಸುಖ. ಹಾಡುವವನು ಮಾತ್ರ ದನಿಯನ್ನು ಒತ್ತಬೇಕಾಗುತ್ತದೆ. ಒತ್ತಿ ಒತ್ತಿ ರೂಢಿಯಾದರೆ ಆ ಭಾರವನ್ನು ಹೊತ್ತುಕೊಂಡೇ ಮೇಲಕ್ಕೆ ಏರುವ ಚಟ ಬೀಳುತ್ತದೆ. ಮೊದಲು ಮೇಲಿನ ಸ್ವರ ಗಡುಸಾಗುತ್ತದೆ. ಆಮೇಲೆ ನಡುಗುತ್ತದೆ. ಕೊನೆಗೆ ಇರುವುದೇ ಇಲ್ಲ.

ಕ್ರೌಸ್ ಇದನ್ನು ಮೊದಲೇ ಕಂಡುಕೊಂಡರು. ಬೆಲ್ಲೀನಿ, ಡೊನಿಜೆಟ್ಟಿ, ವರ್ಡಿಯ ಹಗುರ ಪಾತ್ರಗಳು, ಆಮೇಲೆ ಗುನೋ, ಮಾಸ್ನೆಯಂಥ ಫ್ರೆಂಚರು. ಇಷ್ಟೇ ನನ್ನ ಹೊಲ ಅಂತ ಬೇಲಿ ಹಾಕಿಕೊಂಡರು. ಲೂಚಿಯಾಳ ಎಡ್ಗಾರ್ಡೊ, ಪ್ರೇಮದ ಮದ್ದು ಕುಡಿಯುವ ನೆಮೊರೀನೊ, ರೋಮಿಯೋ, ಫೌಸ್ಟ್, ಹಾಫ್‌ಮನ್, ಎಲ್ಲಕ್ಕಿಂತ ಮೇಲೆ ವೆರ್ಥರ್. ಇವೇ ಪಾತ್ರಗಳನ್ನು ತಿಕ್ಕಿ ತಿಕ್ಕಿ ಹೊಳಪಿಸಿದರು. ವರ್ಷಕ್ಕೆ ಇಷ್ಟೇ ಪ್ರದರ್ಶನ ಎನ್ನುವ ಮಿತಿಯನ್ನೂ ಇಟ್ಟುಕೊಂಡರು. ಪುಚ್ಚೀನಿಯನ್ನು ಮುಟ್ಟಲೇ ಇಲ್ಲ ಅಂತಲ್ಲ, 'ಲಾ ಬೊಹೆಮ್' ರೆಕಾರ್ಡ್ ಮಾಡಿದ್ದಾರೆ, ಪರವಾಗಿಲ್ಲ ಎನ್ನುವ ಹಾಗಿದೆ. ಆದರೆ ಸ್ಟುಡಿಯೋದ ಮೈಕ್ ಮುಂದೆ ಹಾಡುವುದೇ ಬೇರೆ, ರಂಗದ ಮೇಲೆ ವಾರಕ್ಕೆ ಎರಡು ಸಲ ಹಾಡುವುದೇ ಬೇರೆ.

ಅವರ ಪಾಠಗಳಲ್ಲಿ ಪದೇ ಪದೇ ಬರುವ ಮಾತು 'ಇ' ಅಕ್ಷರದ್ದು. ದನಿಯನ್ನು ಮುಖದ ಮುಂಭಾಗಕ್ಕೆ ತರುವುದು 'ಇ'. ಉಳಿದ ಸ್ವರಾಕ್ಷರಗಳನ್ನೂ ಅದರ ಜಾಗದಲ್ಲೇ ಹಾಡಬೇಕು ಎನ್ನುವುದು ಅವರ ಹಟ. ಕೇಳಲು ಇಷ್ಟೇನಾ ಅನ್ನಿಸುತ್ತದೆ. ಅವರ ರೆಕಾರ್ಡಿಂಗ್ ಹಾಕಿ ಗಮನವಿಟ್ಟು ಕೇಳಿದರೆ ಗೊತ್ತಾಗುತ್ತದೆ, 'ಆ' ಹಾಡುವಾಗಲೂ ಆ ಚೂಪು ಅಲ್ಲೇ ಇರುತ್ತದೆ.

ಹೆಸರು ತಂದುಕೊಟ್ಟದ್ದು ಲಿಸ್ಬನ್. 1958ರ ಮಾರ್ಚ್ 27ರಂದು ಅಲ್ಲಿನ ಸಾವ್ ಕಾರ್ಲೊಸ್ ರಂಗಮಂದಿರದಲ್ಲಿ ವರ್ಡಿಯ 'ಲಾ ಟ್ರಾವಿಯಾಟಾ'. ನಾಯಕಿ ವಿಯೊಲೆಟ್ಟಾ ಪಾತ್ರದಲ್ಲಿ ಆ ಕಾಲದ ಬಹು ದೊಡ್ಡ ಸೊಪ್ರಾನೊ ಮಾರಿಯಾ ಕಾಲ್ಲಾಸ್. ಆಲ್ಫ್ರೆಡೊ ಪಾತ್ರದಲ್ಲಿ ಆಲ್ಫ್ರೆಡೊ ಕ್ರೌಸ್. ರೇಡಿಯೋದಲ್ಲಿ ಪ್ರಸಾರವಾದದ್ದನ್ನು ಯಾರೋ ಟೇಪ್ ಮಾಡಿಕೊಂಡರು. ಅದು ಬಹಳ ಕಾಲ ಕಳ್ಳಮಾರ್ಗದಲ್ಲಿ ಕೈಯಿಂದ ಕೈಗೆ ಓಡಾಡಿತು. ಆಮೇಲೆ ದೊಡ್ಡ ಕಂಪನಿಯೇ ಅದನ್ನು ಹೊರತಂದಿತು. ಧ್ವನಿ ಅಷ್ಟೇನೂ ಚೆನ್ನಾಗಿಲ್ಲ. ಸಾಲು ನೆನಪಿಸುವ ಪ್ರಾಂಪ್ಟರ್ ಎಷ್ಟು ಜೋರಾಗಿ ಪಿಸುಗುಟ್ಟುತ್ತಾನೆಂದರೆ ಅವನನ್ನೂ ಪಾತ್ರಧಾರಿಗಳ ಪಟ್ಟಿಗೆ ಸೇರಿಸಬೇಕು! ಆದರೂ ಕೊನೆಯ ಅಂಕದಲ್ಲಿ ಇಬ್ಬರೂ ದನಿ ತಗ್ಗಿಸಿ ಹಾಡುವ ಯುಗಳಗೀತೆ ಕೇಳಿ. ಸಾಯುತ್ತಿರುವವಳ ಮುಂದೆ ಯಾರಾದರೂ ಕಿರುಚುತ್ತಾರಾ? ಎಷ್ಟೋ ಟೆನರ್‌ಗಳು ಕಿರುಚುತ್ತಾರೆ. ಕ್ರೌಸ್ ಅಲ್ಲಿ ತಾವು ಹಿಂದೆ ಸರಿದು ಕಾಲ್ಲಾಸ್‌ಗೆ ಜಾಗ ಬಿಡುತ್ತಾರೆ.

ಅಲ್ಲಿಂದ ಮುಂದಿನದು ಎಲ್ಲ ಯಶಸ್ವೀ ಟೆನರ್‌ಗಳ ನಕ್ಷೆಯೇ. 1960ರಲ್ಲಿ ಮಿಲಾನ್‌ನ ಲಾ ಸ್ಕಾಲಾ, 1962ರಲ್ಲಿ ಶಿಕಾಗೋ, 1966ರಲ್ಲಿ ನ್ಯೂಯಾರ್ಕಿನ ಮೆಟ್ (ಮೆಟ್ರೊಪಾಲಿಟನ್). ಮೆಟ್‌ನಲ್ಲಿ ಮೊದಲು ಹಾಡಿದ್ದೂ ಡ್ಯೂಕ್‌ನನ್ನೇ.

ಕ್ರೌಸ್ ಹಿಡಿದ ದಾರಿ ಎಷ್ಟು ಕಷ್ಟದ್ದು ಅಂತ ತಿಳಿಯಬೇಕಾದರೆ ಎದುರು ದಾರಿ ಹಿಡಿದವರನ್ನು ನೋಡಬೇಕು. ಜುಸೆಪ್ಪೆ ದಿ ಸ್ಟೆಫಾನೊ ಸಿಸಿಲಿಯವರು, ಕ್ರೌಸ್‌ಗಿಂತ ಆರು ವರ್ಷ ದೊಡ್ಡವರು. 1946ರಲ್ಲಿ ಮೊದಲ ಪಾತ್ರ. ಎರಡೇ ವರ್ಷದಲ್ಲಿ ಮೆಟ್. ಅಂಥ ದನಿ ಅಪರೂಪ. ಜೇನು ಅನ್ನಬೇಕು, ಬಿಸಿಲು ಅನ್ನಬೇಕು, ಏನೆಂದರೂ ಸಾಲದು. ಮೆಟ್‌ನಲ್ಲಿ 'ಫೌಸ್ಟ್' ಹಾಡುವಾಗ ಹೈ ಸಿ ಯನ್ನು ಪೂರ್ತಿ ದನಿಯಲ್ಲಿ ಹಿಡಿದು ನಿಧಾನವಾಗಿ ಎಳೆಯಷ್ಟು ಸಣ್ಣದಾಗಿಸಿದರು. ಆ ಒಂದು ಸ್ವರವನ್ನು ಮುಂದೆ ಮೆಟ್ ನಡೆಸಿದ ರುಡಾಲ್ಫ್ ಬಿಂಗ್ ಕೊನೆಯತನಕ ಮರೆಯಲಿಲ್ಲ. 1953ರಲ್ಲಿ ಕಾಲ್ಲಾಸ್ ಜೊತೆ ರೆಕಾರ್ಡ್ ಮಾಡಿದ 'ಟೋಸ್ಕಾ' ಇವತ್ತಿಗೂ ಎಲ್ಲರೂ ಹೋಲಿಸಿ ನೋಡುವ ರೆಕಾರ್ಡಿಂಗ್.

ಆದರೆ ಅವರು ಯಾವುದಕ್ಕೂ ಬೇಡ ಅನ್ನಲಿಲ್ಲ. ಡಾನ್ ಹೊಸೆ, ಕಾನಿಯೊ, ಕಲಾಫ್, ರಾದಮೇಸ್, ಎಲ್ಲ ಭಾರದ ಪಾತ್ರಗಳೂ ಬಂದವು. ಮೇಲೆ ಹೋಗುವಾಗ ಸ್ವರವನ್ನು ಮುಚ್ಚಿ ತಿರುಗಿಸಬೇಕು ಎನ್ನುವುದು ಟೆನರ್‌ಗಳ ಹಳೆಯ ಪಾಠ. ಅವರು ತೆರೆದ ದನಿಯಲ್ಲೇ ನುಗ್ಗುತ್ತಿದ್ದರು. ನಲವತ್ತು ದಾಟುವ ಹೊತ್ತಿಗೆ ದನಿ ಹರಿದಿತ್ತು. 1963ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ 'ಲಾ ಬೊಹೆಮ್' ಹಾಡಬೇಕಿತ್ತು. ಆಗಲಿಲ್ಲ. ಬದಲಿಗೆ ಹಾಡಿದ ಹೆಸರಿಲ್ಲದ ಹುಡುಗ, ಮುಂದೆ ಜಗತ್ತಿಗೇ ಗೊತ್ತಾದ ಲೂಚಿಯಾನೊ ಪವರಾಟ್ಟಿ.

ಒಲ್ಲೆ ಎನ್ನುವುದು ಯಾಕೆ ಕಷ್ಟ? ಒಪೆರಾದ ಲೆಕ್ಕಾಚಾರ ಹಾಗಿದೆ. ಹೆಸರಾದ ಗಾಯಕರನ್ನು ಮೂರು ನಾಲ್ಕು ವರ್ಷ ಮುಂಚೆಯೇ ಬುಕ್ ಮಾಡುತ್ತಾರೆ. ಇವತ್ತು 32ರ ಹುಡುಗ ಸಹಿ ಹಾಕುವುದು ತನ್ನ 36ನೇ ವಯಸ್ಸಿನ ದನಿಯ ಮೇಲೆ. ಆ ದನಿ ಹೇಗಿರುತ್ತದೆ ಅಂತ ಅವನಿಗೆ ಗೊತ್ತಿಲ್ಲ. ಹಣ ಸಾಮಾನ್ಯವಾಗಿ ಪ್ರದರ್ಶನಕ್ಕೆ ಇಷ್ಟು ಅಂತ. ಶೀತ ಆಗಿ ಹಾಡದಿದ್ದರೆ ಆ ರಾತ್ರಿಯ ಸಂಭಾವನೆ ಇಲ್ಲ. ವಾರಗಟ್ಟಲೆ ರಿಹರ್ಸಲ್ ಮಾಡಿದ್ದೂ ಹೋಯಿತು. ಭಾರದ ಟೆನರ್‌ಗಳು ಯಾವ ಕಾಲದಲ್ಲೂ ಕಡಿಮೆ, ಹಾಗಾಗಿ ಸ್ವಲ್ಪ ದನಿ ದೊಡ್ಡದಿರುವವರನ್ನೆಲ್ಲ ಅತ್ತ ಎಳೆಯುತ್ತಾರೆ. ವಾದ್ಯವೃಂದ ನಡೆಸುವ ದೊಡ್ಡ ಕಂಡಕ್ಟರ್ ಫೋನ್ ಮಾಡಿ, ನೀನೇ ಬೇಕು ಅಂದರೆ ಯಾವ ಹುಡುಗ ಬೇಡ ಎಂದಾನು?

ಇನ್ನು ಪ್ರೇಕ್ಷಕರು. ಲಾ ಸ್ಕಾಲಾದ ಮೇಲಿನ ಅಗ್ಗದ ಗ್ಯಾಲರಿಯವರಿಗೆ ದಯೆ ದಾಕ್ಷಿಣ್ಯ ಇಲ್ಲ. 2006ರ ಡಿಸೆಂಬರ್‌ನಲ್ಲಿ ಟೆನರ್ ರೊಬೆರ್ಟೊ ಅಲಾನ್ಯಾ 'ಐದಾ'ದ ಮೊದಲ ಹಾಡು ಮುಗಿಸುತ್ತಿದ್ದಂತೆ ಮೇಲಿನಿಂದ ಕೂಗಾಟ. ಅವರು ಕೈಯೆತ್ತಿ ನಮಸ್ಕಾರ ಹೊಡೆದು ಹೊರಟೇಹೋದರು. ಬದಲಿ ಗಾಯಕ ಆಂಟೊನೆಲ್ಲೊ ಪಾಲೊಂಬಿ ವೇಷ ಹಾಕಲೂ ಸಮಯವಿಲ್ಲದೆ ಮಾಮೂಲಿ ಬಟ್ಟೆಯಲ್ಲೇ ರಂಗಕ್ಕೆ ಓಡಿಬಂದರು. ಪ್ರಾಚೀನ ಈಜಿಪ್ಟಿನ ಸೇನಾಪತಿ, ಜೀನ್ಸ್ ಪ್ಯಾಂಟಿನಲ್ಲಿ.

ದನಿ ಕೈಕೊಟ್ಟದ್ದಕ್ಕೆ ನಮ್ಮ ಕಾಲದ ಉದಾಹರಣೆ ಬೇಕಾದರೆ ಮೆಕ್ಸಿಕೋದ ಟೆನರ್ ರೊಲಾಂಡೊ ವಿಲ್ಯಾಜೋನ್. 2005ರ ಸಾಲ್ಜ್‌ಬರ್ಗ್ 'ಟ್ರಾವಿಯಾಟಾ' ನೋಡಿದವರು ಆ ಉರಿಯನ್ನು ಮರೆಯುವುದಿಲ್ಲ. ಎರಡು ವರ್ಷದಲ್ಲಿ ದನಿ ತೊಂದರೆ ಕೊಟ್ಟು ರಜೆ, 2009ರಲ್ಲಿ ಗಂಟಲ ತಂತುವಿನ ಗಂಟಿಗೆ ಆಪರೇಷನ್. ಆ ಗಂಟಿಗೆ ಹಾಡಿದ ರೀತಿಯೇ ಕಾರಣ ಅಂತ ನಾನು ಹೇಳಲಾರೆ. ಆದರೆ ಮುಂದೆ ಅವರು ಹೆಚ್ಚು ಒಲಿದದ್ದು ಮೊಜಾರ್ಟ್ ಕಡೆಗೆ ಮತ್ತು ನಿರ್ದೇಶನದ ಕಡೆಗೆ.

1990ರ ಜುಲೈ 7. ಫುಟ್‌ಬಾಲ್ ವಿಶ್ವಕಪ್ ಫೈನಲ್‌ನ ಹಿಂದಿನ ಸಂಜೆ, ರೋಮ್‌ನ ಕರಕಲ್ಲಾ ಸ್ನಾನಗೃಹಗಳ ಅವಶೇಷಗಳ ನಡುವೆ ಪವರಾಟ್ಟಿ, ಡೊಮಿಂಗೊ, ಕರೇರಸ್ ಒಟ್ಟಿಗೆ ಹಾಡಿದರು. ಜಗತ್ತು ಅವರನ್ನು ತ್ರೀ ಟೆನರ್ಸ್ ಎಂದು ಕರೆಯಿತು. ಇಲ್ಲಿ ನಮಗೂ ಟೆನರ್ ಎನ್ನುವ ಪದ ಗೊತ್ತಾದದ್ದು ಬಹುಶಃ ಆಗಲೇ, ಕ್ಯಾಸೆಟ್ ಅಂಗಡಿಗಳ ಮೂಲಕ. ಲ್ಯುಕೇಮಿಯಾ ಗೆದ್ದು ಬಂದ ಕರೇರಸ್ ಅಲ್ಲಿ ನಿಂತದ್ದೇ ದೊಡ್ಡ ವಿಷಯ, ಅದನ್ನು ಒಪ್ಪುತ್ತೇನೆ. ಆದರೆ ಮುಂದೆ ಅದು ಸ್ಟೇಡಿಯಂನಿಂದ ಸ್ಟೇಡಿಯಂಗೆ ಸುತ್ತುವ ವ್ಯಾಪಾರವಾಯಿತು. ಕ್ರೌಸ್‌ಗೆ ಅದು ಹಿಡಿಸಲಿಲ್ಲ. ಹಿಡಿಸಲಿಲ್ಲ ಎನ್ನುವುದನ್ನು ಮುಚ್ಚಿಡಲೂ ಇಲ್ಲ. ಸ್ಪೇನ್‌ನಲ್ಲಿ ಕೆಲವರಿಗೆ ಇದು ಹೊಟ್ಟೆಕಿಚ್ಚು ಅನ್ನಿಸಿತು. ಸ್ವಲ್ಪ ಇದ್ದಿರಲೂಬಹುದು, ಮನುಷ್ಯ ಅಲ್ವಾ? ಮೈಕ್ ಇಲ್ಲದೆ ದನಿ ದಾಟಿಸುವುದನ್ನೇ ಜೀವಮಾನವಿಡೀ ಕಲಿತವನಿಗೆ, ಮೈಕ್ ಹಿಡಿದವರಿಗೆ ಜಗತ್ತೇ ತಲೆದೂಗುವುದನ್ನು ನೋಡುವುದು ಸುಲಭ ಇರಲಿಕ್ಕಿಲ್ಲ.

ಕ್ರೌಸ್‌ಗೆ ಸಿಕ್ಕಿದ್ದು ಕಾಲ. 1986ರಲ್ಲಿ ಪ್ಯಾರಿಸ್‌ನಲ್ಲಿ ಡೊನಿಜೆಟ್ಟಿಯ 'ಲಾ ಫಿಯ್ ದ್ಯು ರೆಜಿಮಾಂ' ಹಾಡಿದಾಗ ಅವರಿಗೆ 58. ಅದರ ಒಂದೇ ಹಾಡಿನಲ್ಲಿ ಒಂಬತ್ತು ಹೈ ಸಿ ಗಳಿವೆ. ಪವರಾಟ್ಟಿ 1972ರಲ್ಲಿ ಮೆಟ್‌ನಲ್ಲಿ ಅದೇ ಹಾಡಿನಿಂದ ಅಮೆರಿಕವನ್ನು ಗೆದ್ದಾಗ ಅವರಿಗೆ 36. ಅರವತ್ತು ದಾಟಿದ ಮೇಲೂ ಕ್ರೌಸ್ ಹಳೆಯ ಪಾತ್ರಗಳನ್ನೇ ಹಾಡುತ್ತಿದ್ದರು. 1997ರಲ್ಲಿ ಹೆಂಡತಿ ರೋಸಾ ತೀರಿಕೊಂಡರು. ಕೆಲವು ಕಾಲ ಹಾಡು ನಿಲ್ಲಿಸಿದರು, ಮತ್ತೆ ಶುರುಮಾಡಿದರು. ಮ್ಯಾಡ್ರಿಡ್‌ನ ರೇನಾ ಸೋಫಿಯಾ ಸಂಗೀತ ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದರು. ಆ ವರ್ಷದ ಕೊನೆಯಲ್ಲೇ ಹುಟ್ಟೂರಿನ ಸಮುದ್ರದಂಚಿನಲ್ಲಿ ಅವರ ಹೆಸರಿನ ಸಂಗೀತಮಂದಿರ ತೆರೆಯಿತು. 1999ರ ಸೆಪ್ಟೆಂಬರ್ 10ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. 71 ವರ್ಷ.

ಇಷ್ಟೆಲ್ಲ ಹೇಳಿ ಒಂದು ಮಾತು ಬಚ್ಚಿಡಲಾರೆ. ಕ್ರೌಸ್ ದನಿ ಎಲ್ಲರಿಗೂ ಇಷ್ಟವಾಗುವುದಿಲ್ಲ. ಒಣಕಲು, ಮೂಗಿನ ದನಿ ಅನ್ನುವವರಿದ್ದಾರೆ. ಎಲ್ಲವೂ ಸರಿ ಇದೆ, ಅದೇ ತೊಂದರೆ ಅನ್ನುವವರೂ ಇದ್ದಾರೆ. ಡ್ಯೂಕ್‌ನಂಥ ಲಂಪಟನನ್ನು ಅವರು ಹಾಡಿದರೆ ಶಿಸ್ತಿನ ರಾಜಕುಮಾರನಂತೆ ಕೇಳುತ್ತದೆ, ಈ ದೂರನ್ನು ನಾನೂ ಒಪ್ಪುತ್ತೇನೆ. ವೆರ್ಥರ್‌ಗೆ ಮಾತ್ರ ಆ ಬಿಗಿ ಹೇಳಿ ಮಾಡಿಸಿದಂತಿದೆ. ಪ್ರೀತಿಸಿದವಳು ಬೇರೆಯವನ ಹೆಂಡತಿ, ಹೇಳುವಂತಿಲ್ಲ, ಬಿಡುವಂತಿಲ್ಲ. ಅಲ್ಲಿ ದನಿ ಎಲ್ಲವನ್ನೂ ಸುರಿದುಬಿಟ್ಟರೆ ಪಾತ್ರವೇ ಕೆಟ್ಟುಹೋಗುತ್ತದೆ.

ದಿ ಸ್ಟೆಫಾನೊ ಹದಿನೈದು ವರ್ಷ ಸುರಿದರು. ಕ್ರೌಸ್ ನಲವತ್ತು ವರ್ಷ ಅಳೆದು ಕೊಟ್ಟರು. ಬೆಳಗಿನ ಹೊತ್ತು ನನ್ನನ್ನು ಕೇಳಿದರೆ ಕ್ರೌಸ್ ಅನ್ನುತ್ತೇನೆ. ರಾತ್ರಿ ಹತ್ತರ ಮೇಲೆ ಕೇಳಬೇಡಿ, 1953ರ 'ಟೋಸ್ಕಾ' ಹಾಕಿಕೊಂಡು ಕೂತಿರುತ್ತೇನೆ.

ಹೊಸಬರು ಎಲ್ಲಿಂದ ಶುರು ಮಾಡಬೇಕು? ಮೊದಲು ಲಿಸ್ಬನ್ 'ಟ್ರಾವಿಯಾಟಾ'ದ ಕೊನೆಯ ಅಂಕ, ಪ್ರಾಂಪ್ಟರ್‌ನನ್ನು ಸಹಿಸಿಕೊಂಡು. ಆಮೇಲೆ 1979ರಲ್ಲಿ ಕಂಡಕ್ಟರ್ ಮಿಶೆಲ್ ಪ್ಲಾಸ್ಸೋನ್ ಜೊತೆ ಮಾಡಿದ 'ವೆರ್ಥರ್'. ಆಮೇಲೆ 1986ರ ಆ ಒಂಬತ್ತು ಹೈ ಸಿ. ಒಂದೇ ಗಂಟಲು, ನಡುವೆ 28 ವರ್ಷ. ಅದಾದ ಮೇಲೆ ದಿ ಸ್ಟೆಫಾನೊ ಐವತ್ತರ ದಶಕದಲ್ಲಿ ಹಾಡಿದ ಏನನ್ನಾದರೂ ಹಾಕಿ. ಯಾರು ಸರಿ ಎನ್ನುವ ಜಗಳವನ್ನು ಕಾಮೆಂಟಿನಲ್ಲಿ ಆಡೋಣ, ನಾನು ಸಿದ್ಧ.